ಮಸುಕು ಬೆಳಕಿನ ಸೀಮೆಗೊಂದು ಕ್ಯಾಮೆರಾ

ಸಿದ್ದಾಪುರ, ಶಿರಸಿ, ಯಲ್ಲಾಪುರಗಳ ಸೀಮೆಯಲ್ಲಿ ಕೊನೆಕೊಯ್ಲು ಮುಗಿದು, ಸುಲಿದು ಒಣಗಿಸಿದ ಅಡಿಕೆಯು ಸಹಕಾರಿ ಸಂಘಗಳ ವಖಾರಿಯನ್ನು ಸೇರಿ, ಕೈಯಲ್ಲಿ ನಾಲ್ಕು ಕಾಸು ಕೂಡುವ ಕಾಲಕ್ಕೆ, ಮನೆಗೊಂದು ಕ್ಯಾಮೆರಾ ಬೇಕೆಂಬ ವಿಚಾರವು ಹಲವು ಕುಟುಂಬಗಳಲ್ಲಿ ಏಳುವುದುಂಟು. ಹಾಗೆ ಎದ್ದ ವಿಚಾರವು ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಎಂಬ ಒಂದು ಸಂಖ್ಯೆಯಲ್ಲಿಯೂ ಜೂಮ್ ಎಂಬ ಇನ್ನೊಂದು ಸಂಖ್ಯೆಯಲ್ಲಿಯೂ ಮುಕ್ತಾಯವಾಗುವುದನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಈ ಎರಡು ಸಂಖ್ಯೆಗಳಿಗೂ ನಮ್ಮ ನಿತ್ಯಜೀವನಕ್ಕೂ ಇರುವ ಸಂಬಂಧ ಅತ್ಯಲ್ಪವಾದದ್ದು. ಕ್ಯಾಮೆರಾದ ಯೋಗ್ಯತೆಯನ್ನು ಇಲ್ಲಿ ನಿರ್ಣಯಿಸತಕ್ಕವು ನಮ್ಮ ನೆಲದ ಮಸುಕು ಬೆಳಕು ಮತ್ತು ನಮ್ಮ ನೆಲದ ತೇವ.

ಚಿತ್ರ ತೆಗೆದಿಡಬೇಕೆಂದು ಮನಸ್ಸು ಹಂಬಲಿಸುವ ಸಂದರ್ಭಗಳನ್ನು ಒಮ್ಮೆ ನೆನೆದು ನೋಡಬೇಕು. ಅಡಿಕೆ ತೋಟದೊಳಗೆ ನಡುಹಗಲಿನಲ್ಲಿಯೂ ಬಿಸಿಲು ಸೋಗೆಗಳ ನಡುವಿನಿಂದ ಚುಕ್ಕಿಚುಕ್ಕಿಯಾಗಿ ಇಳಿಯುವುದೇ ಹೊರತು ನೆಲವನ್ನು ತುಂಬುವುದಿಲ್ಲ; ಆಷಾಢ ಶ್ರಾವಣಗಳಲ್ಲಂತೂ ದಿನಗಟ್ಟಲೆ ಸೂರ್ಯದರ್ಶನವೇ ದುರ್ಲಭ. ಹಳೆಯ ಮನೆಯ ಜಗಲಿಯಲ್ಲಿ ಕುಳಿತ ಅಜ್ಜಿಯ ಮುಖಕ್ಕೆ ದೊರೆಯುವುದು ಅಂಗಳದಿಂದ ಒಳಸೂಸುವ ಬೆಳಕು ಮಾತ್ರ. ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಅದ್ದಿ ಹೆಂಗಸರು ಎಳೆದ ಹಸೆ ಚಿತ್ತಾರದ ಸೂಕ್ಷ್ಮರೇಖೆಗಳು ಎಷ್ಟೋ ಸಲ ಇರುವುದು ನೆರಳಿನಲ್ಲಿ. ಭೂಮಿ ಹುಣ್ಣಿಮೆಯ ಬುಟ್ಟಿಯು ಗದ್ದೆಗೆ ಹೊರಡುವುದು ಬೆಳಕು ಹರಿಯುವ ಹೊತ್ತಿಗೆ. ಯಕ್ಷಗಾನದ ವೇಷವು ರಂಗಕ್ಕೆ ಬರುವುದು ರಾತ್ರಿ. ಇವುಗಳ ಮೇಲೆ ಫ್ಲಾಶ್ ಬೆಳಕನ್ನು ಎರಚಿದ್ದೇ ಆದರೆ, ಗೋಡೆಯ ಹದವಾದ ಕೆಂಪು ಕಣ್ಣು ಕುಕ್ಕುವ ಹೊಳಪಾಗಿ, ಅಜ್ಜಿಯ ಮುಖದ ರೇಖೆಗಳೆಲ್ಲ ಅಳಿಸಿಹೋಗಿ, ಯಾವ ಸೊಗಸಿಗಾಗಿ ಕ್ಯಾಮೆರಾವನ್ನು ಎತ್ತಿದೆವೋ ಆ ಸೊಗಸೇ ಚಿತ್ರದಿಂದ ಹೊರಗುಳಿಯುತ್ತದೆ. ಆದಕಾರಣ ನಾವು ಮೊದಲು ಕೇಳತಕ್ಕ ಪ್ರಶ್ನೆ, ಇರುವ ಅಲ್ಪ ಬೆಳಕನ್ನು ಈ ಯಂತ್ರವು ಎಷ್ಟರಮಟ್ಟಿಗೆ ಸಂಗ್ರಹಿಸಬಲ್ಲುದು ಎಂಬುದು.

ಬೆಳಕನ್ನು ಬರಮಾಡಿಕೊಳ್ಳುವುದು ಲೆನ್ಸ್. ಅದನ್ನು ಹಿಡಿದಿಡುವುದು ಒಳಗಿನ ಸೆನ್ಸರ್. ಅಗ್ಗದ ಪುಟ್ಟ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಸೆನ್ಸರ್ ಸುಮಾರು 6 ಮಿ.ಮೀ. ಅಗಲ, 4.5 ಮಿ.ಮೀ. ಎತ್ತರದ್ದಾದರೆ, ನಿಕಾನ್ ಮತ್ತು ಕೆನಾನ್‌ಗಳ ಆರಂಭಿಕ ದರ್ಜೆಯ ಡಿ.ಎಸ್.ಎಲ್.ಆರ್.ಗಳಲ್ಲಿರುವುದು ಸುಮಾರು 23 ಮಿ.ಮೀ. ಅಗಲ, 15 ಮಿ.ಮೀ. ಎತ್ತರದ್ದು, ವಿಸ್ತೀರ್ಣದಲ್ಲಿ ಇದು ಅದರ ಹನ್ನೆರಡು ಪಟ್ಟು. ಇನ್ನು ಲೆನ್ಸಿನ ವಿಷಯ. ಇಂಥ ಕ್ಯಾಮೆರಾದೊಡನೆ ಬರುವ 18-55 ಮಿ.ಮೀ. ಲೆನ್ಸು ತನ್ನ ದೂರದ ತುದಿಯಲ್ಲಿ ಎಫ್ 5.6 ಎಂಬಷ್ಟು ಮಾತ್ರ ದ್ವಾರವನ್ನು ತೆರೆಯಬಲ್ಲುದು; 50 ಮಿ.ಮೀ.ನ, ಜೂಮ್ ಇಲ್ಲದ, ಎಫ್ 1.8 ಲೆನ್ಸು ಅದಕ್ಕಿಂತ ಒಂಬತ್ತು ಪಟ್ಟಿಗೂ ಮಿಕ್ಕು ಬೆಳಕನ್ನು ಒಳಬಿಡುತ್ತದೆ. ಎಂದರೆ, ಮೊದಲನೆಯದರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಶಟರ್ ತೆರೆದು, ಕೈನಡುಕದಿಂದ ಮಸುಕಾಗಿ ಬರುತ್ತಿದ್ದ ಚಿತ್ರವನ್ನು ಎರಡನೆಯದರಲ್ಲಿ ತೊಂಬತ್ತನೆಯ ಒಂದು ಭಾಗದಲ್ಲಿ ನಿಚ್ಚಳವಾಗಿ ಪಡೆಯಬಹುದು. ಇಕ್ಕಟ್ಟಾದ ಜಗಲಿಯಲ್ಲಿ ಮನೆಮಂದಿಯನ್ನೆಲ್ಲ ಒಂದೇ ಚೌಕಟ್ಟಿನಲ್ಲಿ ಹಿಡಿಯಲು 50 ಮಿ.ಮೀ. ಒದಗದು, ಅದಕ್ಕೆ 35 ಮಿ.ಮೀ. ಉತ್ತಮ. ನಿಕಾನ್‌ನ ಇಂಥ ಎಫ್ 1.8 ಲೆನ್ಸು 2009ರಿಂದಲೂ ಬಳಕೆಯಲ್ಲಿರುವುದರಿಂದ ಎರಡನೆಯ ಕೈಯ ಮಾರುಕಟ್ಟೆಯಲ್ಲಿ ಅದಕ್ಕೆ ಕೊರತೆಯಿಲ್ಲ. ರಾತ್ರಿಯ ಆಟದ ಚಿತ್ರ ತೆಗೆಯುವವರಿಗೆ ಒಂದು ಮಾತು: ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ ಕಾರಣ ಸಾಧಾರಣ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಶಟರನ್ನು 1/100 ಅಥವಾ 1/50ರಲ್ಲಿ ಇರಿಸಿಕೊಂಡರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಬೀಳುವುದು ಬಹುಮಟ್ಟಿಗೆ ತಪ್ಪುತ್ತದೆ.

ಮೆಗಾಪಿಕ್ಸೆಲ್ಲಿನ ಮೋಹವನ್ನು ಕಳೆಯಲು ಸರಳವಾದ ಗುಣಾಕಾರವೇ ಸಾಕು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಮೊತ್ತಮೊದಲ ಡಿಜಿಟಲ್ ಕ್ಯಾಮೆರಾದಲ್ಲಿದ್ದವು ಕೇವಲ ಹತ್ತು ಸಾವಿರ ಬಿಂದುಗಳು. ಆ ಒಂದು ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಅಂದಿನ ಮಟ್ಟಿಗೆ ಬಿಂದುಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಪುರುಷಾರ್ಥವಾಗಿದ್ದದ್ದು ಸಹಜ. ಆದರೆ 4×6 ಇಂಚಿನ ಚಿತ್ರವನ್ನು ಇಂಚಿಗೆ 300 ಬಿಂದುಗಳಂತೆ ಅಚ್ಚುಹಾಕಿಸಲು ಬೇಕಾದವು ಇಪ್ಪತ್ತೆರಡು ಲಕ್ಷಕ್ಕಿಂತ ಕಡಿಮೆ. ಗೋಡೆಗೆ ತೂಗುಹಾಕುವ 8×12 ಇಂಚಿಗೆ ಎಂಬತ್ತೇಳು ಲಕ್ಷಕ್ಕಿಂತ ಕಡಿಮೆ. 2016ರ ಕೆನಾನ್ 1300ಡಿ ಕ್ಯಾಮೆರಾದಲ್ಲಿಯೇ 18 ಮೆಗಾಪಿಕ್ಸೆಲ್, ಅಂದರೆ ಒಂದು ಕೋಟಿ ಎಂಬತ್ತು ಲಕ್ಷ ಬಿಂದುಗಳಿರುವಾಗ, ಅದಕ್ಕೂ ಮೇಲಿನ ಸಂಖ್ಯೆಗೆ ಹೆಚ್ಚಿನ ಹಣ ತೆರುವುದು ನಿತ್ಯೋಪಯೋಗಕ್ಕೆ ಅನಾವಶ್ಯಕ.

ಕೈಯಲ್ಲಿ ಫೋನ್ ಇರುವಾಗ ಇದೆಲ್ಲ ಏಕೆಂದು ಕೇಳುವವರ ಮಾತಿನಲ್ಲಿಯೂ ಸತ್ಯವಿದೆ. ಕೊಳೆರೋಗ ತಗುಲಿದ ಅಡಿಕೆಯ ಚಿತ್ರವನ್ನು ತೋಟಗಾರಿಕೆ ಇಲಾಖೆಯವರಿಗೆ ಕಳುಹಿಸುವುದಕ್ಕೆ, ಪಹಣಿಯ ಪ್ರತಿಯನ್ನು ಹಿಡಿಯುವುದಕ್ಕೆ ಫೋನಿಗಿಂತ ಯೋಗ್ಯವಾದ ಸಾಧನವಿಲ್ಲ. ಅಷ್ಟೇ ಬಳಕೆಯಿದ್ದವರು ಕ್ಯಾಮೆರಾಕ್ಕೆಂದು ಒಂದು ರೂಪಾಯಿಯನ್ನೂ ವೆಚ್ಚ ಮಾಡಬೇಕಾದ್ದಿಲ್ಲ. ಮಂಗಟ್ಟೆ ಹಕ್ಕಿಯನ್ನೋ ಅಘನಾಶಿನಿ ಕಣಿವೆಯ ಸಿಂಗಳೀಕವನ್ನೋ ಹಿಡಿಯುವ ಆಸೆಯುಳ್ಳವರಿಗೆ ಅಂಗಡಿಯವರು 2015ರ ನಿಕಾನ್ ಪಿ900ರಂಥ, 83 ಪಟ್ಟು ಜೂಮ್ ಉಳ್ಳ ಕ್ಯಾಮೆರಾಗಳನ್ನು ತೋರಿಸುವುದುಂಟು. ಬಿಸಿಲಿನ ಬಯಲಿನಲ್ಲಿ ಅದು ಮೆಚ್ಚತಕ್ಕ ಯಂತ್ರವೇ. ಆದರೆ ಅದರೊಳಗಿನ ಸೆನ್ಸರ್ ಮೇಲೆ ಹೇಳಿದ 6 ಮಿ.ಮೀ.ನದೇ ಆದ್ದರಿಂದ, ಕತ್ತಲೆಕಾನಿನಂಥ ನಿಬಿಡ ಕಾಡಿನ ನೆರಳಿನಲ್ಲಿ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು.

ಈಗ ತೇವದ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯದಲ್ಲಿ ಇದೇ ಮುಖ್ಯವಾದದ್ದು, ಮತ್ತು ಮಾರುವವರು ಎಂದೂ ಪ್ರಸ್ತಾಪಿಸದಿರುವುದೂ ಇದನ್ನೇ. ಮಳೆಗಾಲದಲ್ಲಿ ನಮ್ಮ ಮನೆಗಳ ಕಪಾಟಿನೊಳಗಿನ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಹಿಡಿಯುವ ಬೂಷ್ಟು ಲೆನ್ಸಿನ ಗಾಜನ್ನೂ ಬಿಡುವುದಿಲ್ಲ. ಜೇಡನ ನೂಲಿನಂತೆ ಒಳಗಾಜಿನ ಮೇಲೆ ಹಬ್ಬುವ ಅದು, ಬಹುಕಾಲ ಉಳಿದರೆ ಗಾಜಿನ ಲೇಪವನ್ನೇ ತಿಂದು ಶಾಶ್ವತವಾದ ಕಲೆಯನ್ನು ಬಿಡುತ್ತದೆ. ಬಿಚ್ಚಿ ಶುದ್ಧಿಮಾಡಿಸುವ ವೆಚ್ಚವು ಎಷ್ಟೋ ವೇಳೆ ಲೆನ್ಸಿನ ಬೆಲೆಗೆ ಸಮನಾಗುತ್ತದೆ. ಕತ್ತಲೆ, ತೇವ, ನಿಶ್ಚಲವಾದ ಗಾಳಿ ಈ ಮೂರೂ ಕೂಡಿದಲ್ಲಿ ಬೂಷ್ಟು ಬೆಳೆಯುವುದರಿಂದ, ಹೆಚ್ಚು ಹಣ ತೆತ್ತು ತಂದ ಕ್ಯಾಮೆರಾವನ್ನು ಹಾಳಾದೀತೆಂಬ ಭಯದಿಂದ ಚೀಲದಲ್ಲಿ ಬಿಗಿದು ಕಪಾಟಿನಲ್ಲಿಡುವವರೇ ಅದನ್ನು ಬೇಗನೆ ಹಾಳುಮಾಡಿಕೊಳ್ಳುತ್ತಾರೆ. ಕೈಗೆತ್ತಿಕೊಳ್ಳಲು ಹಿಂಜರಿಕೆಯಾಗದಷ್ಟು ಬೆಲೆಯ ಕ್ಯಾಮೆರಾ ಗಾಳಿಬೆಳಕುಗಳನ್ನು ಕಾಣುತ್ತದೆ. ನಮ್ಮ ಸೀಮೆಯಲ್ಲಿ ಕಡಿಮೆ ಬೆಲೆಯನ್ನು ಒಂದು ಗುಣವೆಂದೇ ನಾನು ಗಣಿಸುವುದು ಈ ಕಾರಣದಿಂದ. ಕ್ಯಾಮೆರಾದ ರಕ್ಷಣೆಗೆ ದುಬಾರಿಯ ವಿದ್ಯುತ್ ಕಪಾಟೂ ಅಗತ್ಯವಿಲ್ಲ. ಹಲಸಿನ ಹಪ್ಪಳವನ್ನು ಮಳೆಗಾಲ ಪೂರ್ತಿ ಗರಿಗರಿಯಾಗಿ ಕಾಪಾಡಬಲ್ಲ ಗೃಹಿಣಿಗೆ ಲೆನ್ಸನ್ನು ಕಾಪಾಡುವುದು ಹೊಸ ವಿದ್ಯೆಯಲ್ಲ: ಗಾಳಿಯಾಡದ ಬಿಗಿ ಮುಚ್ಚಳದ ಡಬ್ಬ, ಅದರಲ್ಲಿ ಸಿಲಿಕಾ ಜೆಲ್, ತೇವವನ್ನು ತೋರಿಸುವ ಚಿಕ್ಕ ಮಾಪಕ, ಇಷ್ಟೇ. ಮಾಪಕವು ನೂರಕ್ಕೆ ನಲವತ್ತರಿಂದ ಐವತ್ತರ ಒಳಗೆ ನಿಂತರೆ ನೆಮ್ಮದಿ. ನೀಲಿಯ ಸಿಲಿಕಾ ಜೆಲ್‌ನಲ್ಲಿ ಕೋಬಾಲ್ಟ್ ಲವಣವಿರುವುದರಿಂದ ಕಿತ್ತಳೆ ಬಣ್ಣದ್ದನ್ನು ಕೊಳ್ಳುವುದು ಮೇಲು. ಬಣ್ಣ ತಿರುಗಿದಾಗ, ಅಡಿಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿದರೆ ಅದು ಮತ್ತೆ ಉಪಯೋಗಕ್ಕೆ ಬರುತ್ತದೆ.

ಆದ್ದರಿಂದ ನನ್ನ ಸಲಹೆ ಇದು: ಎರಡನೆಯ ಕೈಯ ಆರಂಭಿಕ ದರ್ಜೆಯ ಡಿ.ಎಸ್.ಎಲ್.ಆರ್. ಒಂದು, ಎಫ್ 1.8ರ ಲೆನ್ಸೊಂದು, ಮತ್ತು ಆ ಡಬ್ಬ. ನಿಕಾನ್, ಕೆನಾನ್‌ಗಳೆರಡೂ 2018ರಲ್ಲಿ ಹೊಸ ಮಿರರ್‌ಲೆಸ್ ಶ್ರೇಣಿಗಳನ್ನು ತಂದ ತರುವಾಯ ವೃತ್ತಿನಿರತರು ಅತ್ತ ಸರಿಯುತ್ತಿರುವುದರಿಂದ ಹಳೆಯವು ಅಗ್ಗವಾಗಿ ದೊರೆಯುತ್ತಿವೆ. ಕೊಳ್ಳುವಾಗ ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬೆಳಗಿ ಇನ್ನೊಂದು ಕಡೆಯಿಂದ ನೋಡತಕ್ಕದ್ದು. ನೂಲಿನ ಜಾಲ ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ದ್ವಾರವನ್ನು ಎಫ್ 16ಕ್ಕೆ ಕಿರಿದುಗೊಳಿಸಿ ಬಿಳಿಯ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಚುಕ್ಕೆಗಳಾಗಿ ಕಾಣಿಸುತ್ತದೆ. ಈ ದರ್ಜೆಯ ಶಟರ್‌ಗಳ ಆಯುಷ್ಯ ಸುಮಾರು ಒಂದು ಲಕ್ಷ ಚಿತ್ರಗಳೆಂದು ಎಣಿಕೆಯಿರುವುದರಿಂದ ಈಗಾಗಲೇ ಎಷ್ಟು ತೆಗೆದಾಗಿದೆಯೆಂಬುದನ್ನೂ ವಿಚಾರಿಸಬೇಕು. ನಿಕಾನ್‌ನ ಡಿ3000, ಡಿ5000 ಸರಣಿಗಳ ಕ್ಯಾಮೆರಾಗಳಲ್ಲಿ ಫೋಕಸಿನ ಮೋಟಾರು ಇಲ್ಲ. ಹಳೆಯ 50 ಮಿ.ಮೀ. ‘ಡಿ’ ಲೆನ್ಸು ಅಗ್ಗವೆಂದು ಅವಕ್ಕೆ ತಂದರೆ ಫೋಕಸನ್ನು ಕೈಯಿಂದಲೇ ಮಾಡಬೇಕಾಗುತ್ತದೆ. ಹೊಸದನ್ನೇ ಬಯಸುವವರು, ಕ್ಯಾಮೆರಾದ ಮೇಲಿನ ಜಿ.ಎಸ್.ಟಿ. ನೂರಕ್ಕೆ 18 ಇರುವಾಗ, ಆ ಹಣ ಉಳಿಯುವುದೆಂದು ರಸೀದಿಯಿಲ್ಲದೆ ಕೊಳ್ಳಬಾರದು; ರಸೀದಿಯಿಲ್ಲದಲ್ಲಿ ವಾರಂಟಿಯೂ ಇಲ್ಲ.

ನಮ್ಮ ಪೇಟೆಗಳ ಫೋಟೋ ಸ್ಟುಡಿಯೋಗಳ ಯಜಮಾನರಲ್ಲಿ ಒಂದು ಪ್ರಾರ್ಥನೆ. ತಾವು ಹೊಸದನ್ನು ಕೊಂಡಾಗ ಹಳೆಯ ಕ್ಯಾಮೆರಾವನ್ನು ದೂರದ ಅಪರಿಚಿತರಿಗೆ ಮಾರುವ ಬದಲು, ಅದು ಎಷ್ಟು ಚಿತ್ರ ತೆಗೆದಿದೆ, ಲೆನ್ಸಿನಲ್ಲಿ ಬೂಷ್ಟು ಇದೆಯೋ ಇಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ನ್ಯಾಯವಾದ ಬೆಲೆಗೆ ಊರಿನವರಿಗೇ ಕೊಡಬೇಕು; ಕೊಳ್ಳುವವರು ಆ ಚೀಟಿಯನ್ನು ಕೇಳಿ ಪಡೆಯಬೇಕು.