ಹೊಳೆ ದಾಟಿಸಿದ ಬೆಕ್ಕು

ಮನೆಯ ಬೆಕ್ಕು ಮರಿ ಹಾಕಿದರೆ ನಮ್ಮ ಮಲೆನಾಡಿನ ಕಡೆ ಬಹಳ ಜನರಿಗೆ ಗೊತ್ತಿರುವ ಪರಿಹಾರ ಒಂದೇ. ಮರಿಗಳು ಸ್ವಲ್ಪ ಬಲಿತ ಮೇಲೆ ಗೋಣಿಚೀಲಕ್ಕೆ ತುಂಬಿ, ದಾರಿಯ ಗುರುತು ಸಿಗದ ಹಾಗೆ ಬಾಯಿ ಕಟ್ಟಿ, ಹೊಳೆ ದಾಟಿಸಿ ಬಿಟ್ಟು ಬರುವುದು. ಬೆಕ್ಕನ್ನು ಕೊಂದರೆ ಮಹಾಪಾಪ, ಹೊಳೆಯಾಚೆ ಬಿಟ್ಟರೆ ಪಾಪವಿಲ್ಲ. ಈ ಲೆಕ್ಕದ ಬಗ್ಗೆಯೇ ನನ್ನ ತಕರಾರು.

ಹೊಳೆಯಾಚೆಗಿನ ಜಾಗವೇನು ಬರಿದಾಗಿದೆಯೇ? ಅಲ್ಲಿ ಟುವ್ವಿ ಹಕ್ಕಿ ಸೊಂಟದೆತ್ತರದ ಗಿಡದಲ್ಲಿ ಎಲೆ ಹೊಲಿದು ಗೂಡು ಮಾಡಿರುತ್ತದೆ. ಪಿಕಳಾರ ಬೇಲಿಯ ಪೊದೆಯಲ್ಲಿ ಮೊಟ್ಟೆಯಿಟ್ಟಿರುತ್ತದೆ. ಹಾವುರಾಣಿ, ಓತಿಕ್ಯಾತ, ಕಪ್ಪೆಗಳು ತಮ್ಮ ಪಾಡಿಗೆ ತಾವಿರುತ್ತವೆ. ಚೀಲದಿಂದ ಇಳಿದ ಮರಿಗಳಲ್ಲಿ ಎಷ್ಟೋ ಹಸಿವಿನಿಂದಲೋ ನಾಯಿಬಾಯಿಗೆ ಸಿಕ್ಕೋ ಸಾಯುತ್ತವೆ. ಉಳಿದವು ಈ ಜೀವಗಳನ್ನು ತಿಂದೇ ಬದುಕಬೇಕು. ಬೆಕ್ಕಿನ ಬಸಿರು ಬರೀ ಎರಡು ತಿಂಗಳು; ಹೆಣ್ಣುಮರಿ ಆರು ತಿಂಗಳು ತುಂಬುವ ಮೊದಲೇ ಬಸಿರಾಗಬಲ್ಲದು. ಕೊಂದ ಪಾಪ ತಪ್ಪಿತು ಎಂದುಕೊಂಡವರು ಅದನ್ನು ಆಚೆ ದಡದಲ್ಲಿ ಬಡ್ಡಿಗೆ ಬಿಟ್ಟು ಬಂದಿದ್ದಾರೆ, ಅಷ್ಟೆ.

ಕಾಡುಬೆಕ್ಕೂ ಹಕ್ಕಿ ತಿನ್ನುವುದಿಲ್ಲವೇ ಎಂದು ವಾದಿಸುವವರಿದ್ದಾರೆ. ತಿನ್ನುತ್ತದೆ. ಆದರೆ ಬೇಟೆ ಕಡಿಮೆಯಾದರೆ ಕಾಡುಬೆಕ್ಕಿನ ಸಂಖ್ಯೆಯೂ ಇಳಿಯುತ್ತದೆ. ಊರಬೆಕ್ಕಿಗೆ ಆ ಕಡಿವಾಣವಿಲ್ಲ. ಒಂದು ಮನೆಯ ಹಾಲು ಅನ್ನ, ಇನ್ನೊಂದು ಮನೆಯ ಮೀನಿನ ಮುಳ್ಳು ಅದಕ್ಕೆ ಸಿಕ್ಕೇ ಸಿಗುತ್ತದೆ. ಹಕ್ಕಿಗಳು ಮುಗಿದರೂ ಬೆಕ್ಕುಗಳು ಮುಗಿಯುವುದಿಲ್ಲ. ಹೊಟ್ಟೆ ತುಂಬಿದರೆ ಬೇಟೆ ಬಿಟ್ಟೀತು ಎಂಬುದೂ ಸುಳ್ಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಇದು ನಮ್ಮೂರಿನ ರಗಳೆ ಮಾತ್ರವಲ್ಲ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭ ಬಂತು, ಅದರ ಕಾಲಕ್ಕೇ ಬೆಕ್ಕುಗಳೂ ಬಂದವು. ಅಲ್ಲಿದ್ದ ಹಾರಲಾರದ ಪುಟ್ಟ ಹಕ್ಕಿಯೊಂದು ಕೆಲವೇ ವರ್ಷಗಳಲ್ಲಿ ನಿರ್ನಾಮವಾಯಿತು. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಒಂದು ಅಧ್ಯಯನ ಅಂದಾಜು ಮಾಡಿತು. ಅದರಲ್ಲಿ ದೊಡ್ಡ ಪಾಲು ಒಡೆಯರಿಲ್ಲದ ಬೆಕ್ಕುಗಳದು. ನಾವು ಹೊಳೆ ದಾಟಿಸುವುದು ಅಂಥವನ್ನೇ.

ಬೆಕ್ಕುಗಳನ್ನು ಕೊಲ್ಲಿ ಎಂದು ನಾನು ಹೇಳುತ್ತಿಲ್ಲ. ತಪ್ಪು ಬೆಕ್ಕಿನದಲ್ಲ, ಅದು ತನ್ನ ಗುಣದಂತೆ ನಡೆಯುತ್ತದೆ. ಸಾಕಿದವರ ಹೊಣೆಯ ಮಾತು ನನ್ನದು. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ 2001ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿತು. ಬೆಕ್ಕಿನ ಮಾತೆತ್ತಿದರೆ ಊರಿನಲ್ಲಿ ನಗುತ್ತಾರೆ. ನಗಲಿ. ಹಕ್ಕಿಗಳು ಮರಿ ಮಾಡುವ ಬೇಸಿಗೆ, ಮಳೆಗಾಲದ ತಿಂಗಳುಗಳಲ್ಲಾದರೂ ಕತ್ತಲಾದದ್ದರಿಂದ ಬಿಸಿಲೇರುವವರೆಗೆ ಬೆಕ್ಕನ್ನು ಒಳಗಿಡಿ. ಇಲಿ ಹಿಡಿಯುವವರು ಯಾರು ಎನ್ನುತ್ತೀರೋ? ಇಲಿ ಇರುವುದು ನಿಮ್ಮ ಅಟ್ಟದಲ್ಲಿ. ಬೆಕ್ಕೂ ಅಲ್ಲೇ ಇರಲಿ. ವರ್ಷವರ್ಷವೂ ಮರಿಗಳನ್ನು ಚೀಲಕ್ಕೆ ತುಂಬುವ ಬದಲು ತಾಯಿಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ಪೇಟೆಯ ಪಶುವೈದ್ಯರಲ್ಲಿಗೆ ಒಯ್ದು ಆಪರೇಷನ್ ಮಾಡಿಸಿ. ಬಸ್ ಚಾರ್ಜು ಒಂದೇ ಸಲದ್ದು.