ಶುಶ್ರೂಷೆ

ನಮ್ಮ ನೆರೆಮನೆಯ ಹುಡುಗಿಯು ಎಂ.ಎಸ್‌ಸಿ. ನರ್ಸಿಂಗಿಗೆ ಅರ್ಜಿ ಸಲ್ಲಿಸಿ ಆಯ್ಕೆಯ ಪಟ್ಟಿಯನ್ನು ಎದುರುನೋಡುತ್ತಿರುವಳು. ನಿಯಮವು ಬಯಸುವ ಶೇಕಡಾ 55 ಅಂಕಗಳೂ 1 ವರ್ಷದ ಅನುಭವವೂ ಅವಳಿಗುಂಟು. ರಾತ್ರಿಪಾಳಿ ಮುಗಿಸಿ ಬಂದರೂ ನಿದ್ರೆಯೊಂದಿಲ್ಲ. ಮನೆಯವರೋ ದಿನವೂ "ಸೀಟು ಸಿಕ್ಕಿತೇ?" ಎಂದು ಕೇಳುವರು. ಮೊನ್ನೆ ನಾವೂ ಕೇಳಿದೆವು. ಮಗುವಿನ ಕಣ್ಣು ತುಂಬಿತು, ನಮಗೆ ನಾಚಿಕೆಯಾಯಿತು.

ಸಂಸ್ಕೃತದಲ್ಲಿ 'ಶುಶ್ರೂಷಾ' ಶಬ್ದದ ಮೂಲಾರ್ಥವು ಕೇಳಬೇಕೆಂಬ ಇಚ್ಛೆ; ಸೇವೆಯೆಂಬ ಅರ್ಥವು ಬಳಿಕ ಬಂದುದು. ಈ ಕೇಳುವಿಕೆಯು ಪ್ರಶ್ನಿಸುವುದಲ್ಲ, ಕಿವಿಗೊಡುವುದು.

ಆದುದರಿಂದ ಇಂತಹ ಮಕ್ಕಳುಳ್ಳ ಗೃಹಸ್ಥರು ಪ್ರಮಾಣಪತ್ರಗಳನ್ನು ಜೋಡಿಸಲು ನೆರವಾಗಲಿ. ಹಗಲು ಅವರು ಮಲಗಿರುವಾಗ ಮನೆಯಲ್ಲಿ ಸದ್ದಡಗಿಸಲಿ. ಅವರಾಗಿ ಬಾಯ್ದೆರೆದಾಗ ಆಲಿಸಲಿ. ಈ ವರ್ಷ ದೊರೆಯದಿದ್ದರೆ ಮುಂದಿನ ವರ್ಷವುಂಟೆಂದು ಒಮ್ಮೆ ಹೇಳಿ ಸುಮ್ಮನಾಗಲಿ. ಊರವರಿಗೆ ಶುಶ್ರೂಷೆ ಮಾಡುವವಳಿಗೆ ಮನೆಯಲ್ಲಿ ಶುಶ್ರೂಷೆ ಬೇಡವೆ?