ಗುಡ್ಡ ಏರಲು ನಮಗೂ ಒಂದು ದಿನ ಬೇಕು

ಅನಗವಾಡಿಯ ಸೇತುವೆಯ ಮೇಲೆ ನಿಂತು ನೋಡಿದವರಿಗೆ ಘಟಪ್ರಭೆ ನಮ್ಮ ಬಯಲುನಾಡಿನ ಹೊಳೆಯೆಂದೇ ತೋರುತ್ತದೆ. ಸುತ್ತಲೂ ಕರಿನೆಲ, ಕಬ್ಬಿನ ಗದ್ದೆ. ಆಲಮಟ್ಟಿಯ ಹಿನ್ನೀರು ಏರಿದಾಗ ಕಣ್ಣು ಹಾಯುವವರೆಗೂ ನೀರು. ಆದರೆ ಈ ಹೊಳೆ ಬಯಲಿನಲ್ಲಿ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ಸಹ್ಯಾದ್ರಿಯಲ್ಲಿ, ಮಹಾರಾಷ್ಟ್ರದ ಅಂಬೋಲಿಯ ಕಡೆಯ ಗುಡ್ಡಗಳಲ್ಲಿ. ಅಲ್ಲಿಂದ ಇಳಿದು, ಗೋಕಾಕದಲ್ಲಿ 52 ಮೀಟರ್ ಆಳಕ್ಕೆ ಧುಮುಕಿ, 19ನೆಯ ಶತಮಾನದ ಕೊನೆಯಿಂದ ಅಲ್ಲಿಯ ನೂಲಿನ ಗಿರಣಿಗೆ ಶಕ್ತಿ ಕೊಟ್ಟು, ನಮ್ಮೂರು ದಾಟಿ, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಗುಡ್ಡದ ನೀರು ಗಿರಣಿ ನಡೆಸಿತು. ಗಿರಣಿಯಲ್ಲಿ ತಲೆಮಾರುಗಟ್ಟಲೆ ದುಡಿದವರಲ್ಲಿ ಆ ಗುಡ್ಡ ಕಂಡವರೆಷ್ಟು ಜನ?

ಈ ಪ್ರಶ್ನೆಯನ್ನು ಎತ್ತಿದ ಕೂಡಲೆ ನಮ್ಮ ಕೆಲವು ಮಿತ್ರರು ನಗುತ್ತಾರೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ" ಎಂಬ ಗಾದೆಯನ್ನು ಮುಂದಿಡುತ್ತಾರೆ. ಪಗಾರದ ಮಾತು, ನೂಲಿನ ಧಾರಣೆಯ ಮಾತು, ಕರೆಂಟು ಬಿಲ್ಲಿನ ಮಾತು ಬಿಟ್ಟು ಪಕ್ಷದ ಪತ್ರಿಕೆ ಗುಡ್ಡ ಹತ್ತುವ ಮಾತಾಡಬಹುದೇ ಎಂದು ಕೇಳುತ್ತಾರೆ. ಆಡಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಗುಡ್ಡ ಹತ್ತಿ ಬಂದ ಮೇಲೆಯೇ ಪಗಾರದ ಮಾತು ನಮಗೆ ಇನ್ನಷ್ಟು ಸ್ಪಷ್ಟವಾಯಿತು.

ಏಳು ಜನ ಹೊರಟೆವು

ದಸರೆ ಮುಗಿದ ಮೇಲೆ ನಾವು ಏಳು ಜನ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಏರಲು ಹೊರಟೆವು. ನಮ್ಮಲ್ಲಿ ಮೂವರು ಬನಹಟ್ಟಿ ಕಡೆಯ ಪಾವರ್‌ಲೂಮ್ ನೇಕಾರರು, ಒಬ್ಬ ನೂಲಿನ ಗಿರಣಿಯ ಕಾರ್ಮಿಕ, ಒಬ್ಬ ಹಮಾಲ, ಒಬ್ಬ ಕಿರಾಣಿ ಅಂಗಡಿಯವರು, ಮತ್ತು ಪತ್ರಿಕೆಯ ಕೆಲಸದ ನಾವು. ಕುದುರೆಮುಖದ ಎತ್ತರ 1,894 ಮೀಟರ್, ಅಂದರೆ ಆರು ಸಾವಿರದ ಇನ್ನೂರು ಅಡಿ. ಕಳಸದ ಹತ್ತಿರದ ಸಂಸೆಯ ಕಡೆಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಬೇಕು. ಅಲ್ಲಿಂದ ಹೋಗಿ ಬರಲು ಹತ್ತಿರ ಹತ್ತಿರ 20 ಕಿಲೋಮೀಟರ್ ನಡಿಗೆ. ಗುಡ್ಡದ ಮೇಲೆ ಉಳಿಯಲು ಅಪ್ಪಣೆಯಿಲ್ಲ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು.

ಗುಡ್ಡಕ್ಕಿಂತ ಮೊದಲು ಏರಬೇಕಾದದ್ದು ಇನ್ನೊಂದಿತ್ತು. ದಿನಕ್ಕೆ ಇಷ್ಟೇ ಜನರೆಂಬ ಮಿತಿಯಿದೆ. ಅಪ್ಪಣೆಯ ಚೀಟಿಯನ್ನು ಮೊಬೈಲಿನಲ್ಲಿ ಮುಂಗಡ ಕೊಳ್ಳಬೇಕು. ಅಂಗಡಿಯವರ ಮಗ ಮೂರು ರಾತ್ರಿ ಎದ್ದು ಕೂತು ನೋಡಿದ. ಶನಿವಾರ, ರವಿವಾರದ ಚೀಟಿ ಒಂದೂ ಸಿಕ್ಕಲಿಲ್ಲ. ಕೊನೆಗೆ ಸಿಕ್ಕಿದ್ದು ಬುಧವಾರ. ಆಫೀಸಿನವರಿಗೆ ಬುಧವಾರ ರಜೆ ಹಾಕಿದರೆ ಸಂಬಳ ಕಡಿಯುವುದಿಲ್ಲ. ನೇಯ್ದಷ್ಟಕ್ಕೆ ಕೂಲಿ ಎಣಿಸಿಕೊಳ್ಳುವ ನೇಕಾರನಿಗೆ ಬುಧವಾರ ಎಂದರೆ ಬರಿಗೈ. ಹೋಗಿ ಬರುವ ದಾರಿ ಸೇರಿ ಮೂರು ದಿನದ ದುಡಿತ ಹೋಯಿತು. ಜೀಪು, ಚೀಟಿ, ವಸತಿ, ದಾರಿ ತೋರುವವನ ಕೂಲಿ ಬೇರೆ.

ಮುಂಜಾನೆ ಬುತ್ತಿ ಕಟ್ಟಿಕೊಂಡು ನಡೆದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ. ಮೊದಲು ಹಳ್ಳಗಳು, ನೀರು ಪಾದ ಕೊರೆಯುವಷ್ಟು ತಣ್ಣಗೆ. ಆಮೇಲೆ ಕಾಡು, ಒದ್ದೆ ಎಲೆ, ಕಾಲಿಗೆ ಹತ್ತುವ ಜಿಗಣೆ. ಒಂಟಿಮರ ದಾಟಿದ ಮೇಲೆ ಕಾಡು ಮುಗಿದು ಹುಲ್ಲಿನ ಗುಡ್ಡಗಳು ತೆರೆದುಕೊಂಡವು. ಒಂದರ ಹೆಗಲ ಮೇಲೆ ಒಂದು, ಅದರ ಬೆನ್ನಿಗೆ ಮತ್ತೊಂದು. ಗುಡ್ಡಗಳ ಸಂದಿಯಲ್ಲಿ ಮಾತ್ರ ಶೋಲಾ ಕಾಡು, ಅಂಗೈಯ ಗೆರೆಯಂತೆ. ಈ ಹುಲ್ಲು ಮತ್ತು ಶೋಲಾ ಮಳೆಯ ನೀರನ್ನು ಹೀರಿ ಹಿಡಿದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ಭದ್ರೆ ಬೇಸಿಗೆಯಲ್ಲೂ ಹರಿಯುವುದು ಇದರಿಂದಲೇ. ಪುಸ್ತಕದಲ್ಲಿ ಓದಿದ್ದೆವು, ಅಲ್ಲಿ ಕಾಲಡಿಯಲ್ಲಿ ಕಂಡೆವು.

ಏಳು ಜನರಲ್ಲಿ ಐವರು ತುದಿ ಮುಟ್ಟಿದೆವು. ನೂಲಿನ ಗಿರಣಿಯ ಗೆಳೆಯ ಮುಕ್ಕಾಲು ದಾರಿಯಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟ. ವಯಸ್ಸು 44. ಕಾಲು ಗಟ್ಟಿಯಾಗಿದ್ದವು, ಉಸಿರು ಏಳಲಿಲ್ಲ. ಇಪ್ಪತ್ತು ವರ್ಷ ಹತ್ತಿಯ ದೂಳು ಕುಡಿದ ಎದೆ ಅದು. ದಾರಿ ತೋರಿಸುವ ಹುಡುಗ ಅವನ ಮುಖ ನೋಡಿ, "ಬೇಡ ಅಣ್ಣ, ಇಲ್ಲಿಗೇ ಸಾಕು" ಎಂದ. ಹಮಾಲ ಗೆಳೆಯ, "ನೀವು ಹೋಗಿ ಬರ್ರಿ, ನಾ ಇವನ ಜೋಡಿ ಕೂಡತೇನಿ" ಎಂದು ಬುತ್ತಿ ಬಿಚ್ಚಿದ. ಮನೆಯಿಂದ ಗಿರಣಿಗೆ, ಗಿರಣಿಯಿಂದ ಮನೆಗೆ ಸಪಾಟು ನೆಲದಲ್ಲಿ ನಡೆಯುವವನಿಗೆ ತನ್ನ ಎದೆ ಎಷ್ಟು ಸವೆದಿದೆಯೆಂಬುದು ಗೊತ್ತೇ ಆಗಿರಲಿಲ್ಲ. ಗುಡ್ಡ ಆ ಲೆಕ್ಕವನ್ನು ಒಂದು ತಾಸಿನಲ್ಲಿ ಹೇಳಿತು.

ಕೊನೆಯ ಏರು ಕಡಿದಾದದ್ದು. ಪಾಳುಬಿದ್ದ ಇಗರ್ಜಿಯ ಗೋಡೆಗಳನ್ನು ದಾಟಿ ತುದಿಗೆ ಬಂದಾಗ ಗಾಳಿ ನಿಲ್ಲಗೊಡುತ್ತಿರಲಿಲ್ಲ. ಮಂಜು ಬಂದು ಎಲ್ಲವನ್ನೂ ಮುಚ್ಚಿತು. ಮತ್ತೆ ಹರಿದು ಹೋಯಿತು. ಪಡುವಣಕ್ಕೆ ನೆಲವೇ ಕುಸಿದಂತೆ ಕರಾವಳಿಯ ಕಡೆಗೆ ಇಳಿಜಾರು. ಗುಂಪಿನ ಹಿರಿಯ ನೇಕಾರರು, ನಾವೆಲ್ಲ ಕಾಕಾ ಎನ್ನುವವರು, ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಲವತ್ತು ವರ್ಷ ಮಗ್ಗದ ಸಪ್ಪಳದಾಗ ಇದ್ದೆ ನೋಡಪಾ. ಇಷ್ಟು ಸುಮ್ಮನ ಇರೂದು ಅಂದ್ರ ಏನಂತ ಕಿವಿಗೆ ಗೊತ್ತ ಇರಲಿಲ್ಲ" ಎಂದರು. ಈ ಒಂದು ಮಾತಿಗಾಗಿ ಮೂರು ದಿನದ ದುಡಿತ ಹೋದದ್ದು ನಷ್ಟವೆಂದು ನಾವು ಬರೆದುಕೊಂಡಿಲ್ಲ.

ಮ್ಯಾಂಚೆಸ್ಟರಿನ ಗಿರಣಿ ಮಕ್ಕಳು

ದುಡಿಯುವವನಿಗೆ ಗುಡ್ಡ ಏಕೆ ಎಂಬ ಪ್ರಶ್ನೆ ಹೊಸದಲ್ಲ. ಇಂಗ್ಲಂಡಿನ ಮ್ಯಾಂಚೆಸ್ಟರು ನಮ್ಮ ನೇಕಾರರಿಗೆ ಗೊತ್ತಿರುವ ಹೆಸರು. ಅಲ್ಲಿಯ ಗಿರಣಿಯ ಅರಿವೆ ಬಂದೇ ನಮ್ಮ ಅಜ್ಜಂದಿರ ಮಗ್ಗ ನಿಂತವು. ಆದರೆ ಆ ಗಿರಣಿಯ ಕಾರ್ಮಿಕರೂ ಹೊಗೆಯೊಳಗೇ ಬೆಂದವರು. ಊರ ಪಕ್ಕದಲ್ಲೇ ಕಿಂಡರ್ ಸ್ಕೌಟ್ ಎಂಬ ಗುಡ್ಡ, 636 ಮೀಟರ್ ಎತ್ತರ. ಅದು ದೊಡ್ಡ ಜಮೀನುದಾರರು ಹಕ್ಕಿ ಬೇಟೆಗೆ ಕಾದಿಟ್ಟುಕೊಂಡ ನೆಲ. ವರ್ಷದಲ್ಲಿ ಕೆಲವೇ ದಿನದ ಬೇಟೆಗಾಗಿ ವರ್ಷವಿಡೀ ಕಾವಲು.

1932ರ ಏಪ್ರಿಲ್ 24ರಂದು, ರವಿವಾರ, ನಾಲ್ಕು ನೂರರಷ್ಟು ದುಡಿಯುವ ತರುಣ ತರುಣಿಯರು ಕಾವಲುಗಾರರನ್ನು ಲೆಕ್ಕಿಸದೆ ಆ ಗುಡ್ಡ ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್, ಇಪ್ಪತ್ತು ವರ್ಷದ ಮೋಟಾರು ಮೆಕ್ಯಾನಿಕ್. ಐವರಿಗೆ ಎರಡರಿಂದ ಆರು ತಿಂಗಳ ಜೈಲಾಯಿತು. ಗುಡ್ಡ ಹತ್ತಿದ್ದಕ್ಕೆ ಜೈಲೇ ಎಂದು ದೇಶವೆಲ್ಲ ಮಾತಾಡಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು; 1951ರಲ್ಲಿ ಅದೇ ಪ್ರದೇಶ ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು; 2000ದಲ್ಲಿ ಬಯಲು ಗುಡ್ಡಗಳಲ್ಲಿ ನಡೆದಾಡುವ ಹಕ್ಕನ್ನು ಪಾರ್ಲಿಮೆಂಟು ಕಾಯಿದೆಯಾಗಿ ಬರೆಯಿತು. 2002ರಲ್ಲಿ, ಎಪ್ಪತ್ತು ವರ್ಷದ ಮೇಲೆ, ಆ ಜಮೀನುದಾರ ಮನೆತನದ ಡ್ಯೂಕ್ ಬಹಿರಂಗವಾಗಿ ಕ್ಷಮೆ ಕೇಳಿದ. ಮುಂದಾಳುಗಳು ಕಮ್ಯುನಿಸ್ಟರು, ನಮ್ಮ ಪಕ್ಷದವರಲ್ಲ. ಆದರೂ ಸತ್ಯವನ್ನು ಪಕ್ಷ ನೋಡಿ ಅಳೆಯುವುದು ನಮಗೆ ಬೇಡ.

ಅದೇ 1951ರಲ್ಲಿ ನಮ್ಮ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಬೇಡವೆಂದ ನೆಲಕ್ಕೆ ಕಾಲಿಟ್ಟು ನೇಗಿಲು ಹೂಡಿದರು. ಲೋಹಿಯಾ ಬಂದು ಅವರೊಂದಿಗೆ ಸೆರೆಯಾದರು. ಕಾಗೋಡಿನವರು ಅನ್ನದ ನೆಲಕ್ಕಾಗಿ ನಡೆದರು, ಮ್ಯಾಂಚೆಸ್ಟರಿನವರು ಉಸಿರಿನ ನೆಲಕ್ಕಾಗಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ನಾವು ತೂಗುವುದಿಲ್ಲ, ಅನ್ನ ಮೊದಲು. ಆದರೆ ಅನ್ನ ಕೊಟ್ಟ ಮೇಲೆ ಉಸಿರು ಬೇಡವೆಂದು ಹೇಳುವ ಅಧಿಕಾರ ಯಾವ ಧಣಿಗೂ ಇಲ್ಲ.

ಮಿತಿ ಬೇಕು, ಅದರ ಹಂಚಿಕೆ ನ್ಯಾಯವಾಗಬೇಕು

ಹಾಗಾದರೆ ಬೇಲಿ ಮುರಿದು ಎಲ್ಲರೂ ಏರಿಬಿಡೋಣವೇ? ಬೇಡ. ನಮ್ಮಲ್ಲಿಯ ಗುಡ್ಡ ಡ್ಯೂಕನ ಸೊತ್ತಲ್ಲ, ಸಾರ್ವಜನಿಕರ ಸೊತ್ತು. ಅದನ್ನು ತುಳಿದು ಕೆಡಿಸಿದರೆ ಕೆಡುವುದು ನಮ್ಮದೇ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ್ದನ್ನು ನಾಡೆಲ್ಲ ಕಂಡಿತು. ಆ ಮೇಲೆಯೇ ಸರಕಾರ ಚಾರಣವನ್ನು ತಡೆದು, ಮುಂಗಡ ಚೀಟಿಯ ಕ್ರಮ ತಂದಿತು. ಮಿತಿ ಹಾಕಿದ್ದು ಸರಿ. ನಾವು ಒಪ್ಪುತ್ತೇವೆ.

ಕುದುರೆಮುಖವೇ ಇದಕ್ಕೆ ದೊಡ್ಡ ಪಾಠ. 1976ರಲ್ಲಿ ಅಲ್ಲಿ ಸರಕಾರಿ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾಯಿತು. ಗುಡ್ಡ ಅಗೆದು ಅದಿರನ್ನು ಕೊಳವೆಯಲ್ಲಿ ಮಂಗಳೂರಿಗೆ ಹರಿಸಿ ಹಡಗು ಹತ್ತಿಸಿದರು. ಭದ್ರೆ ಕೆಂಪಾಗಿ ಹರಿದಳು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಜನರ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿ ನಿಂತದ್ದು ನಾಡಿಗೆ ಒಳ್ಳೆಯದಾಯಿತು. ಆದರೆ ದುಡಿದವರ ಊರು ಬರಿದಾಯಿತು. ಗಣಿ ತೆರೆಯುವಾಗಲೂ ಮುಚ್ಚುವಾಗಲೂ ಕಾರ್ಮಿಕನ ಮಾತಿಗೆ ಎಷ್ಟು ಬೆಲೆಯಿತ್ತು?

ಉದ್ಯಾನದೊಳಗಿನ ಸಂಸಾರಗಳ ಮಾತೂ ಇದೆ. ಅವರ ತಲೆಯ ಮೇಲೆ ಒಕ್ಕಲೆಬ್ಬಿಸುವ ಹೆದರಿಕೆ ವರ್ಷಗಟ್ಟಲೆ ತೂಗಿದೆ. ಆಲಮಟ್ಟಿಯ ಮುಳುಗಡೆಯಲ್ಲಿ ಹೊಲ ಮನೆ ಕಳೆದುಕೊಂಡ ಬೀಳಗಿ, ಬಾಗಲಕೋಟೆಯ ಜನಕ್ಕೆ ಆ ಹೆದರಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮಗೆ ದಾರಿ ತೋರಿದ ಹುಡುಗ ಅಂಥ ಮನೆಯವನೇ. ಜೀಪಿನ ಬಾಡಿಗೆ, ಊಟದ ಹಣ, ದಾರಿ ತೋರುವ ಕೂಲಿ ಇವೇ ಆ ಊರಿಗೆ ಗುಡ್ಡದಿಂದ ಬರುವ ಬೆಳೆ. ಆದ್ದರಿಂದ ಚೀಟಿಯ ಹಣದಲ್ಲಿ ಅವರ ಪಾಲು ಎಷ್ಟೆಂಬುದು ಬಹಿರಂಗವಾಗಿ ತಿಳಿಯಬೇಕು.

ಮಿತಿ ಇರಲಿ, ನಮ್ಮ ತಕರಾರು ಹಂಚಿಕೆಯದು. ಯಾರ ಬೆರಳು ಮೊಬೈಲಿನ ಮೇಲೆ ಮೊದಲು ಓಡುತ್ತದೋ ಅವರಿಗೆ ಗುಡ್ಡ ಎಂಬುದು ನ್ಯಾಯವಲ್ಲ. ರೇಶನ್ ಅಂಗಡಿಯಲ್ಲಿ ಹೀಗೆ ಮಾಡಿದರೆ ನಾವು ಒಪ್ಪುತ್ತೇವೆಯೇ? ರಜೆಯ ದಿನಗಳ ಚೀಟಿಯಲ್ಲಿ ಒಂದು ಭಾಗವನ್ನು ಕಾರ್ಮಿಕ ಸಂಘಗಳಿಗೂ ಸರಕಾರಿ ಶಾಲೆಗಳ ಮಕ್ಕಳಿಗೂ ತೆಗೆದಿಡಲಿ. ಜಿಲ್ಲೆಯ ಅರಣ್ಯ ಕಚೇರಿಯಲ್ಲಿ ಹೆಸರು ಬರೆಸಿ ಚೀಟಿ ಪಡೆಯುವ ಕಿಟಕಿಯೊಂದು ಇರಲಿ. ಅವರಿಗೆ ಶುಲ್ಕ ಅರ್ಧವಾಗಲಿ. ಇದಕ್ಕೆ ಖಜಾನೆ ಬರಿದಾಗುವುದಿಲ್ಲ. ಗುಡ್ಡದ ಮೇಲೆ ಒಬ್ಬ ಮನುಷ್ಯನೂ ಹೆಚ್ಚಾಗುವುದಿಲ್ಲ.

ಸೂಟಿ ಎಲ್ಲಿದೆ?

ಇಷ್ಟಾದರೂ ಬುಡದ ಪ್ರಶ್ನೆ ಉಳಿಯುತ್ತದೆ. 1948ರ ಕಾರ್ಖಾನೆ ಕಾಯಿದೆ ವಾರಕ್ಕೊಂದು ಸೂಟಿ ಬರೆಯಿತು; 20 ದಿನ ದುಡಿದರೆ ಒಂದು ದಿನ ಪಗಾರದ ರಜೆ ಎಂದೂ ಬರೆಯಿತು. 2020ರಲ್ಲಿ ಬರೆದ ಹೊಸ ಸಂಹಿತೆಯೂ ಆ 20ರ ಲೆಕ್ಕವನ್ನು ಕೈಬಿಡಲಿಲ್ಲ. ಆದರೆ ನಾಲ್ಕು ಮಗ್ಗದ ಶೆಡ್ಡಿನಲ್ಲಿ ನೇಯ್ಗೆಯ ಲೆಕ್ಕದ ಮೇಲೆ ದುಡಿಯುವವನಿಗೆ ಆ ಕಾಯಿದೆ ಪುಸ್ತಕದಲ್ಲಿಯ ಬೆಲ್ಲ. ಸೂಟಿ ಮಾಡಿದ ದಿನ ಒಲೆಯೂ ಸೂಟಿ. ಕಿರಾಣಿ ಅಂಗಡಿಯವರ ಪಾಡೂ ಬೇರೆಯಲ್ಲ. ಬೆಳಿಗ್ಗೆ ಆರಕ್ಕೆ ತೆಗೆದ ಬಾಗಿಲು ರಾತ್ರಿ ಹತ್ತಕ್ಕೆ ಮುಚ್ಚುತ್ತದೆ. ಒಂದು ದಿನ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದಾನೆಂಬ ಅಂಜಿಕೆ. ಪೇಟೆಯ ಅಂಗಡಿಕಾರರೆಲ್ಲ ಕೂಡಿ ವಾರದ ಒಂದು ದಿನ ಬಾಗಿಲು ಹಾಕಲು ಒಪ್ಪಿಕೊಂಡರೆ ಆ ಅಂಜಿಕೆ ತಾನಾಗಿ ಹೋಗುತ್ತದೆ. ಒಬ್ಬನಿಂದ ಆಗದ್ದು ಸಂಘದಿಂದ ಆಗುತ್ತದೆ.

ಗೆಳೆಯನ ಎದೆಯ ಮಾತನ್ನು ಮರೆಯುವಂತಿಲ್ಲ. ಊರಿಗೆ ಬಂದ ಮೇಲೆ ಅವನನ್ನು ಡಾಕ್ಟರರಿಗೆ ತೋರಿಸಿದೆವು, ಔಷಧ ನಡೆದಿದೆ. ಗಿರಣಿ, ಮಗ್ಗಗಳ ಪ್ರತಿಯೊಬ್ಬ ಕಾರ್ಮಿಕನ ಎದೆಯ ತಪಾಸಣೆ ವರ್ಷಕ್ಕೊಮ್ಮೆ ನಡೆಯಬೇಕು. ಅದರ ಖರ್ಚು ಧಣಿಯದು, ಮೇಲ್ವಿಚಾರಣೆ ಸರಕಾರದ್ದು. ಎದೆ ಸವೆದದ್ದನ್ನು ತಿಳಿಯಲು ಕಾರ್ಮಿಕ ಕುದುರೆಮುಖದವರೆಗೆ ಹೋಗಬೇಕಾಗಿ ಬರಬಾರದು.

ನಮ್ಮ ಕಾಲಿನಲ್ಲಿ ಬಲವಿಲ್ಲವೆಂದು ಯಾರೂ ಹೇಳದಿರಲಿ. ಯುಗಾದಿ ಬಂತೆಂದರೆ ಮಲ್ಲಯ್ಯನ ಕಂಬಿ ಹೊತ್ತು ಬಿಸಿಲಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವ ಜನ ನಾವು. ಭೀಮನಕೊಳ್ಳದ ಕಡಿದಾದ ಮೆಟ್ಟಿಲು ಏರಿದ ಕಾಲಿಗೆ ಯಾವ ಗುಡ್ಡವೂ ದೊಡ್ಡದಲ್ಲ. ದೇವರ ಹೆಸರಿನಲ್ಲಿ ಕೇಳಿದರೆ ಧಣಿಯೂ ರಜೆ ಕೊಡುತ್ತಾನೆ. ಮನುಷ್ಯನ ಹೆಸರಿನಲ್ಲಿ ಕೇಳಿ ಪಡೆಯುವುದನ್ನು ನಾವು ಇನ್ನು ಕಲಿಯಬೇಕಾಗಿದೆ.

ಬರುವ ವರ್ಷ ಮಳೆಗಾಲ ಮುಗಿದ ಮೇಲೆ ಮತ್ತೆ ಹೊರಡುವ ವಿಚಾರವಿದೆ. ಸಂಘಗಳವರು ಈಗಿನಿಂದಲೇ ಈ ಬೇಡಿಕೆಗಳನ್ನು ತಮ್ಮ ಸಭೆಗಳಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೂ ಅರಣ್ಯ ಇಲಾಖೆಗೂ ಕಳಿಸಲಿ. ಆ ದಿನ ರವಿವಾರವಾಗಿರಲಿ, ಯಾರ ಪಗಾರವೂ ಕಡಿಯದಿರಲಿ. ಕಲ್ಲಿನ ಮೇಲೆ ಕೂತು ನಮ್ಮನ್ನು ಕಾದ ಗೆಳೆಯ ಈ ಸಲ ನಮ್ಮೊಡನೆ ತುದಿಯವರೆಗೆ ಬರುವಂತಾಗಲಿ.